ಲಕ್ವ ಹೊಡೆದವರ ಮನೆಯಲ್ಲಿ ನಾನು ಮೊದಲು ನೋಡುವುದು

ನಾನು ಫಿಸಿಯೋಥೆರಪಿಸ್ಟ್. ದಾವಣಗೆರೆಯಲ್ಲಿ ಕೆಲಸ. ಹರಿಹರ, ಜಗಳೂರು ಕಡೆಯ ಹಳ್ಳಿಗಳಿಗೂ ಹೋಗಿ, ಸ್ಟ್ರೋಕ್ (ಲಕ್ವ) ಆದವರಿಗೆ ಮನೆಯಲ್ಲೇ ವ್ಯಾಯಾಮ ಮಾಡಿಸುತ್ತೇನೆ. ಹೋದ ಕೂಡಲೇ ಮನೆಯವರು ಕೇಳುವುದು, "ಯಾವಾಗ ನಡೀತಾರೆ?" ನಾನು ಮಾತ್ರ ಕಾಲು ಮುಟ್ಟುವ ಮೊದಲು ಊಟದ ವಿಚಾರ ಕೇಳುತ್ತೇನೆ. ಡಿಸ್ಚಾರ್ಜ್ ಆದ ಮೇಲೂ ಎಷ್ಟೋ ಜನರ ಜೀವಕ್ಕೆ ಕುತ್ತು ಬರುವುದು ಗಂಟಲಿನ ದಾರಿಯಲ್ಲೇ.

ಸ್ಟ್ರೋಕ್ ಆದಾಗ ಎಷ್ಟೋ ಜನರಿಗೆ ನುಂಗುವ ಶಕ್ತಿಯೂ ಕುಗ್ಗುತ್ತದೆ. ಕುಡಿದ ನೀರು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನಾನು ರೋಗಿಯನ್ನು ನೆಟ್ಟಗೆ ಕೂರಿಸಿ ಒಂದೇ ಒಂದು ಚಮಚ ನೀರು ಕೊಡುತ್ತೇನೆ, ಆಮೇಲೆ "ಆ" ಅನ್ನಿಸುತ್ತೇನೆ. ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಿ, ಮಾತಿನ ಜೊತೆ ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸುತ್ತೇನೆ. ಕೆಲವರಿಗೆ ಕೆಮ್ಮೇ ಬರುವುದಿಲ್ಲ, ಸದ್ದಿಲ್ಲದೆ ಒಳಗೆ ಹೋಗುತ್ತದೆ. ಹಾಗಾಗಿ ಮೇಲಿಂದ ಮೇಲೆ ಜ್ವರ, ಕಫ ಬರುತ್ತಿದ್ದರೆ ಅದನ್ನು ಸುಮ್ನೆ ಶೀತ ಅಂತ ಬಿಡಬಾರದು. ಆಸ್ಪತ್ರೆಗೆ ತೋರಿಸಲೇಬೇಕು.

ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತಾರೆ, ಅಲ್ವಾ? ನುಂಗಲು ಕಷ್ಟವಿರುವವರಿಗೆ ಇದು ಅಪಾಯ. ಮಂಡಕ್ಕಿಯೂ ಬೇಡ, ಅದರ ಒಣ ಚೂರು ಗಂಟಲಲ್ಲಿ ಚೆದುರುತ್ತದೆ. ಇಂಥವರಲ್ಲಿ ತುಂಬಾ ಜನಕ್ಕೆ ನೀರು, ಟೀಗಿಂತ ಗಟ್ಟಿ ಗಂಜಿ, ಮೊಸರು ಸಲೀಸಾಗಿ ಇಳಿಯುತ್ತದೆ. ಆದರೆ ಹದ ಒಬ್ಬೊಬ್ಬರಿಗೆ ಒಂದೊಂದು, ಅದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ಮಲಗಿಸಿಕೊಂಡು ಮಾತ್ರ ಏನನ್ನೂ ಕುಡಿಸಬೇಡಿ. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಸೋತ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ಬಾಯಿ ತೊಳೆಸಿ.

ಎರಡನೆಯದು ಭುಜ. ಇದರ ನೋವು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಯಾಕಂದರೆ ಎಷ್ಟೋ ಸಲ ಇದನ್ನು ತಡೆಯಬಹುದಿತ್ತು. ಸ್ನಾಯು ಸಡಿಲವಾದಾಗ ಕೈಯ ಭಾರಕ್ಕೇ ಕೀಲು ಕೆಳಗೆ ಜಗ್ಗುತ್ತದೆ. ಮುಟ್ಟಿ ನೋಡಿದರೆ ಭುಜದ ಮೂಳೆಯ ಕೆಳಗೆ ಒಂದು ಬೆರಳಿನಷ್ಟು ಸಂದು ಸಿಗುತ್ತದೆ. ಅಂಥ ಕೈಯನ್ನೇ ಹಿಡಿದೆಳೆದು ಎಬ್ಬಿಸುತ್ತಾರೆ. ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ. ಕೆಲವು ಮನೆಗಳಲ್ಲಿ ತೊಲೆಗೆ ರಾಟೆ ಕಟ್ಟಿ, ಒಳ್ಳೆ ಕೈಯಿಂದ ಸೋತ ಕೈಯನ್ನು ಮೇಲಕ್ಕೆ ಎಳೆಸುತ್ತಾರೆ. ಕಾಳಜಿಯಿಂದಲೇ ಮಾಡುತ್ತಾರೆ, ಆದರೆ ಭುಜಕ್ಕೆ ಪೆಟ್ಟಾಗುತ್ತದೆ. ನಾನು ಮೊದಲು ಆ ರಾಟೆ ಬಿಚ್ಚಿಸುತ್ತೇನೆ. ಕೂತಾಗ ಕೈ ಕೆಳಗೆ ದಿಂಬು, ಎಬ್ಬಿಸುವಾಗ ಸೊಂಟಕ್ಕೆ ಪಂಚೆ ಸುತ್ತಿ ಹಿಡಿತ. ಇದನ್ನು ಮನೆಯವರ ಕೈಯಲ್ಲೇ ಮಾಡಿಸಿ ನೋಡಿದ ಮೇಲೇ ಹೊರಡುತ್ತೇನೆ.

ದಿನ ಕಳೆದಂತೆ ಕೆಲವರ ಕೈ ಬಿಗಿಯಾಗಿ ಮುಷ್ಟಿ ಕಟ್ಟುತ್ತದೆ. ಬೆರಳನ್ನು ನಿಧಾನವಾಗಿ ಬಿಡಿಸಿ, ಅಂಗೈ ಚಾಚಿಸಿ ಹಿಡಿಯಬೇಕು. ಬಿಗಿತ ಜಾಸ್ತಿ ಇದ್ದರೆ ಡಾಕ್ಟರು ಬ್ಯಾಕ್ಲೋಫೆನ್ ಮಾತ್ರೆ ಕೊಡುತ್ತಾರೆ, ಇಲ್ಲವೇ ಬೊಟುಲಿನಮ್ ಇಂಜೆಕ್ಷನ್. ಇಂಜೆಕ್ಷನ್ ಗುಣ ಸುಮಾರು 3 ತಿಂಗಳು ಇರುತ್ತದೆ, ವ್ಯಾಯಾಮಕ್ಕೆ ಅದೇ ಒಳ್ಳೆ ಸಮಯ. ಹಾಸಿಗೆ ಹಿಡಿದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹುಣ್ಣಾಗುವ ಅಪಾಯ ಕಡಿಮೆಯಾಗುತ್ತದೆ. ಒಂದೇ ಕಾಲು ಬಾತು ನೋವು ಬಂದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ.

ಇನ್ನು ಮನಸ್ಸು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ, ವ್ಯಾಯಾಮ ಬೇಡ ಅನ್ನುತ್ತಾರೆ. ಮನೆಯವರು "ಸೋಮಾರಿ ಆಗಿದಾರೆ" ಅಂತ ಬೈಯುತ್ತಾರೆ. ಅದು ಸೋಮಾರಿತನ ಅಲ್ಲ, ಕಾಯಿಲೆಯದೇ ಭಾಗ. ಅದಕ್ಕೆ ಮಾತ್ರೆ ಇದೆ, ಕೆಲಸವನ್ನೂ ಮಾಡುತ್ತದೆ. ಬಿಪಿ ಮಾತ್ರೆಯ ಜೊತೆ ಇದನ್ನೂ ಡಾಕ್ಟರ ಹತ್ತಿರ ಕೇಳಿ ಅಂತ ಹೇಳುತ್ತೇನೆ. ಮಾತು ಹೋದವರಿದ್ದರೆ ಅವರ ಮುಂದೆಯೇ ಅವರ ಬಗ್ಗೆ ಮಾತಾಡಬೇಡಿ. ಬಾಯಿ ಬಾರದಿದ್ದರೂ ಎಷ್ಟೋ ಜನಕ್ಕೆ ನೀವು ಆಡುವುದು ಪೂರ್ತಿ ಅರ್ಥವಾಗುತ್ತಿರುತ್ತದೆ. ಹೌದು, ಇಲ್ಲ ಅಂತ ತಲೆಯಾಡಿಸಿ ಹೇಳುವಂಥ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ.