ಇದೇನು ಸಾಮಾನು? ಹಳೇ ಮರದ ಪೀಠೋಪಕರಣದ ಗುರುತು ಹಿಡಿಯೋದು ಹೇಗೆ

ಗುಜರಿ ಅಂಗಡಿಯಲ್ಲೋ, ಕೆಡವಲು ಹೊರಟಿರುವ ಹಳೇ ಮನೆಯ ಅಟ್ಟದಲ್ಲೋ ಏನು ಎತ್ತ ಗೊತ್ತಾಗದ ಮರದ ಸಾಮಾನು ಸಿಕ್ಕಿದೆಯಾ? ಮೊದಲು ಒಂದು ವಿನಂತಿ. ತೊಳೆಯಬೇಡಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ. ಪಾಲಿಶ್ ಅಂತೂ ಸದ್ಯಕ್ಕೆ ಬೇಡವೇ ಬೇಡ. ಅದು ಏನು, ಎಲ್ಲಿಂದ ಬಂತು ಅನ್ನೋದಕ್ಕೆ ಅರ್ಧ ಸಾಕ್ಷಿ ಆ ಕೊಳೆಯಲ್ಲೇ ಇರುತ್ತದೆ. ಮೂಲೆಯಲ್ಲಿ ಸಿಕ್ಕಿಕೊಂಡ ಭತ್ತದ ಹೊಟ್ಟು, ಹಲಗೆಗೆ ಇಳಿದ ಶಾಯಿ ಕಲೆ, ಮೇಣದ ಹನಿ, ಕಾಲಿನ ಬುಡದಲ್ಲಿ ನೀರು ನಿಂತ ಗೆರೆ, ಇವನ್ನೆಲ್ಲ ಒಂದು ಭಾನುವಾರದ ಉತ್ಸಾಹದಲ್ಲಿ ಉಜ್ಜಿ ಹಾಕಿದರೆ ಮತ್ತೆ ಬರೋದಿಲ್ಲ. ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ, ಬೆಳಕಿಗೆ ತಂದಿಟ್ಟು ಫೋಟೋ ತೆಗೆಯಿರಿ. ತಳದ್ದು, ಹಿಂಬದಿಯದ್ದು, ಡ್ರಾಯರ್ ಒಳಗಿನದ್ದು ಜಾಸ್ತಿ ಇರಲಿ. ಮುಂಭಾಗಕ್ಕೆ ಯಾರು ಯಾರೋ ಪಾಲಿಶ್ ಹೊಡೆದಿರುತ್ತಾರೆ, ಹಿಂಭಾಗ ಮಾತ್ರ ಬಡಗಿ ಬಿಟ್ಟಂತೆಯೇ ಇರುತ್ತದೆ.

ಎಲ್ಲರೂ ಮೊದಲು ಕೇಳೋದು "ಎಷ್ಟು ವರ್ಷ ಹಳೇದು?" ಅಂತ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಇದನ್ನು ಬಳಸುತ್ತಿದ್ದವರು ಎಲ್ಲಿ ಕೂರುತ್ತಿದ್ದರು, ಅವರ ಕೈ ಎಲ್ಲಿ ಆಡುತ್ತಿತ್ತು ಅನ್ನೋದನ್ನು ಮೊದಲು ಕಂಡುಹಿಡಿಯಿರಿ. ಅದು ಸಿಕ್ಕಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಟೇಪ್ ತಗೊಂಡು ಎತ್ತರ ಅಳೆಯಿರಿ. ನಮ್ಮಲ್ಲಿ ಬರೆಯೋದು, ತುರಿಯೋದು, ಹೆಚ್ಚೋದು, ಲೆಕ್ಕ ನೋಡೋದು ಎಲ್ಲ ನೆಲದ ಮೇಲೆ ಕೂತೇ ನಡೆಯುತ್ತಿತ್ತು, ಅಲ್ವಾ? ಹಾಗಾಗಿ ಒಂದಡಿ ಎತ್ತರದ ಮೇಜು ಕಂಡ ಕೂಡಲೇ ಮಕ್ಕಳದ್ದು ಅಂತ ತೀರ್ಮಾನಿಸಬೇಡಿ. ಮುಚ್ಚಳ ಇಳಿಜಾರಾಗಿದ್ದು, ಮೇಲ್ತುದಿಯಲ್ಲಿ ಶಾಯಿ ಕುಡಿಕೆ ಕೂರುವಷ್ಟು ಗುಳಿ, ಅದರ ಪಕ್ಕ ಲೇಖನಿ ಇಡಲು ಉದ್ದನೆ ತೋಡು ಇದ್ದರೆ ಅದು ಚಕ್ಕಳಮಕ್ಕಳ ಹಾಕಿ ಕೂತು ಬರೆಯುತ್ತಿದ್ದ ಶಾನುಭೋಗರದ್ದೋ ಮಂಡಿ ಗುಮಾಸ್ತರದ್ದೋ ಡೆಸ್ಕು.

ಗಲ್ಲಾಪೆಟ್ಟಿಗೆಯೂ ಇದೇ ಮನೆತನದ್ದು. ಇದನ್ನು ಅಂಗಡಿಯವರು ಒಡವೆ ಪೆಟ್ಟಿಗೆ ಅಂತ ಮಾರೋದು ಜಾಸ್ತಿ. ಮುಚ್ಚಳ ತೆಗೆದು ಖಾನೆಗಳ ಒಳಗೆ ಬೆರಳಾಡಿಸಿ ನೋಡಿ. ತಳ ಚಪ್ಪಟೆಯಾಗಿರದೆ ಬೋಗುಣಿಯಂತೆ ಕೊರೆದಿದ್ದರೆ ಅದು ಚಿಲ್ಲರೆ ಕಾಸಿಗೆ ಮಾಡಿದ್ದು. ಚಪ್ಪಟೆ ತಳದಿಂದ ಕಾಸು ಎತ್ತಬೇಕಾದರೆ ಉಗುರು ಹಾಕಿ ಕೆರೆಯಬೇಕು. ಕೊರೆದ ತಳವಾದರೆ ಒಂದೇ ಬೆರಳಲ್ಲಿ ಸುಮ್ನೆ ಮೇಲಕ್ಕೆ ಜಾರಿಸಿದರೆ ಸಾಕು, ಗಿರಾಕಿ ಮುಖ ನೋಡುತ್ತಲೇ ಚಿಲ್ಲರೆ ಕೊಡಬಹುದು. ಹೀಗೆ ವರ್ಷಗಟ್ಟಲೆ ಜಾರಿಸಿದ ಬದಿಯ ಅಂಚು ನುಣುಪಾಗಿ ತಗ್ಗಿರುತ್ತದೆ. ವ್ಯಾಪಾರಿ ಪೆಟ್ಟಿಗೆಯ ಯಾವ ಬದಿಗೆ ಕೂರುತ್ತಿದ್ದ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ. ಮುಚ್ಚಳದಲ್ಲಿ ಕಾಸು ಬೀಳಿಸುವ ಸೀಳು ಇದ್ದರಂತೂ ಅನುಮಾನವೇ ಬೇಡ.

ನಿಜವಾದ ಸವೆತ ಯಾವತ್ತೂ ಒಂದೇ ಸಮ ಇರೋದಿಲ್ಲ. ಕುರ್ಚಿಯಲ್ಲಾದರೆ ತೋಳಿನ ತುದಿ ಮತ್ತು ಕಾಲಿಡುವ ಮುಂದಿನ ಅಡ್ಡಪಟ್ಟಿ, ಡ್ರಾಯರಿನಲ್ಲಾದರೆ ಜಾರುವ ತಳದ ಅಂಚು ಸವೆಯುತ್ತದೆ. ಕೈಕಾಲು ತಾಗಲು ಸಾಧ್ಯವೇ ಇಲ್ಲದ ಜಾಗವೂ ಸವೆದಿದ್ದರೆ, ಎಲ್ಲ ಮೂಲೆಗಳೂ ಒಂದೇ ಅಳತೆಗೆ ದುಂಡಾಗಿದ್ದರೆ, ಹೊಸದನ್ನು ಯಾರೋ ಮೆಶಿನ್‌ನಲ್ಲಿ ಉಜ್ಜಿ ಹಳೇದು ಮಾಡಿದ್ದಾರೆ ಅಂತಲೇ ಅರ್ಥ.

ವಿಚಿತ್ರ ಸಾಮಾನಿನಲ್ಲಿ ತೂತು ದೊಡ್ಡ ಸುಳಿವು. ಅಮೃತಶಿಲೆ ಹಾಸಿನ ಮೇಜಿನ ನಡುವೆ ದುಂಡನೆ ದೊಡ್ಡ ತೂತಿದ್ದರೆ ಅದು ಕೋಣೆಕೋಣೆಗೆ ನಲ್ಲಿ ಬರುವ ಮುಂಚಿನ ಕಾಲದ ಮುಖ ತೊಳೆಯುವ ಮೇಜು, ತೂತಿನಲ್ಲಿ ಪಿಂಗಾಣಿ ಬೇಸಿನ್ ಕೂರುತ್ತಿತ್ತು. ಪೆಟ್ಟಿಗೆಯಾಕಾರದ ಕುರ್ಚಿಯ ಸೀಟಿನಲ್ಲಿ ತೂತು, ಮೇಲೆ ಮುಚ್ಚಳ ಇದ್ದರೆ ಬಂಗಲೆಗಳ ಕಮೋಡು. ಒಳಗೆಲ್ಲ ಸತುವಿನ ತಗಡು ಹೊದಿಸಿ ಕೆಳಗೆ ನೀರು ಇಳಿಯಲು ಸಣ್ಣ ಕೊಳವೆ ಬಿಟ್ಟಿದ್ದರೆ ಅದು ಫ್ರಿಜ್ ಬರೋದಕ್ಕೆ ಮುಂಚಿನ ಐಸ್ ಪೆಟ್ಟಿಗೆ.

ಸುತ್ತ ಜಾಲರಿ ಇರುವ ಬೀರು ಕಂಡರೆ ಮೊದಲು ಕಾಲುಗಳ ಬುಡ ನೋಡಿ. ಹಾಲು, ತುಪ್ಪ, ಮಾಂಸ ಇಡುವ ಬೀರು ಅದು. ಇರುವೆ ಹತ್ತಬಾರದು ಅಂತ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರು. ಅದಕ್ಕೇ ಬುಡದ ಒಂದೆರಡು ಇಂಚು ಮರ ಕಪ್ಪಾಗಿ ನಾರು ಬಿಟ್ಟಿರುತ್ತದೆ. ಈಗ ಆ ಬುಡವನ್ನೇ ಕತ್ತರಿಸಿ, ಜಾಲರಿ ಕಿತ್ತು ಗಾಜು ಕೂರಿಸಿ ಪುಸ್ತಕದ ಕಪಾಟು ಅಂತ ಮಾರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಲ್ಕು ಕಾಲಿನ ತಳವೂ ತಿಳಿ ಬಣ್ಣದ ಹೊಸ ಕೊಯ್ತ ಆಗಿದ್ದು, ಬಾಗಿಲ ಚೌಕಟ್ಟಿನ ಒಳ ಅಂಚಿನಲ್ಲಿ ಸಾಲಾಗಿ ಸಣ್ಣ ಮೊಳೆ ತೂತುಗಳಿದ್ದರೆ ಅದು ಮೊದಲು ಏನಾಗಿತ್ತು ಅಂತ ಅಂಗಡಿಯವರಿಗೇ ನೀವು ಹೇಳಬಹುದು.

ನಡುವೆ ತೂತಿರುವ ಗಟ್ಟಿ ಮರದ ಗಿಡ್ಡ ಬೆಂಚು ಸಿಕ್ಕಿ, ಅದರ ಜೊತೆ ಒಂದು ಉದ್ದನೆ ಹಿಡಿಕೆಯೋ ತಳದಲ್ಲಿ ಸಣ್ಣ ಸಣ್ಣ ರಂಧ್ರಗಳಿರುವ ಹಿತ್ತಾಳೆ ಬಿಲ್ಲೆಯೋ ಇದ್ದರೆ ಅದು ಶ್ಯಾವಿಗೆ ಒತ್ತುವ ಒರಳು. ಬೆಂಚು ಮಾತ್ರ ಸಿಕ್ಕಿ ಉಳಿದದ್ದು ಕಳೆದುಹೋಗಿದ್ದರೆ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಶಾವಿಗೆ ಮಣೆ ಬೇರೆಯೇ. ಅದು ಉದ್ದನೆ ಹಲಗೆ, ಮೇಲ್ಮೈ ತುಂಬ ನವಿರಾದ ಗೀರುಗಳು. ಅದನ್ನು ಓರೆಯಾಗಿ ಇಟ್ಟುಕೊಂಡು ಹಿಟ್ಟು ಹೊಸೆಯುತ್ತಿದ್ದರು. ಗೀರಿನ ಸಂದಿಯಲ್ಲಿ ಒಣಗಿದ ಗೋಧಿ ಹಿಟ್ಟಿನ ಪುಡಿ ಇನ್ನೂ ಇರುತ್ತದೆ ಕೆಲವು ಸಲ.

ಕರಾವಳಿ ಮತ್ತು ಕೇರಳದ ಕಡೆಯಿಂದ ಬರುವ ದೊಡ್ಡ ಪೆಟ್ಟಿಗೆಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಇವುಗಳನ್ನೇ ಅತಿ ಹೆಚ್ಚು ಕೊಯ್ದು ಟೀಪಾಯಿ ಮಾಡುತ್ತಿದ್ದಾರೆ. ಮಂಚದಷ್ಟು ಅಗಲ, ಸೊಂಟದೆತ್ತರ, ನೋಡಿದರೆ ಯಾವ ಬಾಗಿಲಲ್ಲೂ ಹಿಡಿಸೋದಿಲ್ಲ ಅನಿಸುವ ಗಾತ್ರ. ಅದು ಪತ್ತಾಯ, ಭತ್ತ ತುಂಬಿಡುವ ಕಣಜ. ಮೂಲೆಯ ಕಂಬಗಳನ್ನು ನೋಡಿ. ಅವುಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ತೋಡು ಕೊರೆದಿರುತ್ತಾರೆ, ಹಲಗೆಗಳು ಒಂದರ ಮೇಲೊಂದು ಆ ತೋಡಿನಲ್ಲಿ ಜಾರಿ ಕೂರುತ್ತವೆ. ಮೊಳೆಯ ಕೆಲಸವೇ ಇಲ್ಲ. ಬಿಡಿಬಿಡಿಯಾಗಿ ಒಳಗೆ ತಂದು ಅಲ್ಲೇ ಜೋಡಿಸುತ್ತಿದ್ದರು. ಹಲಗೆಯ ತುದಿಯಲ್ಲಿ ಉಳಿಯಿಂದ ಹೊಡೆದ ಒಂದು ಗೀರು, ಎರಡು ಗೀರು, ಮೂರು ಗೀರು ಕಂಡರೆ ಅದು ಅಲಂಕಾರ ಅಲ್ಲ, ಯಾವ ಹಲಗೆ ಎಷ್ಟನೆಯದು ಅಂತ ಬಡಗಿ ಹಾಕಿಕೊಂಡ ಲೆಕ್ಕ. ಮೇಲೆ ಭತ್ತ ಸುರಿಯಲು ಒಬ್ಬರು ಇಳಿಯುವಷ್ಟು ಕಿಂಡಿ ಇರುತ್ತದೆ. ಭತ್ತದ ಉಜ್ಜಾಟಕ್ಕೆ ಒಳಮೈ ನುಣುಪಾಗಿರುತ್ತದೆ, ಹೊರಮೈ ಒರಟಾಗಿದ್ದರೂ. ಮನೆಯಲ್ಲಿ ಇಂಥದ್ದಿದ್ದರೆ ದಯವಿಟ್ಟು ಕೊಯ್ಯಿಸಬೇಡಿ. ಹಲಗೆಗಳನ್ನು ಜಾರಿಸಿ ಬಿಚ್ಚಿದರೆ ಸಣ್ಣ ಲಾರಿಯಲ್ಲಿ ಬರುತ್ತದೆ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳ ಆರಾಮ ಕುರ್ಚಿ ಗೊತ್ತೇ ಇರುತ್ತದೆ. ತೋಳಿನ ಕೆಳಗಿಂದ ಇನ್ನೊಂದು ಉದ್ದ ಪಟ್ಟಿ ತಿರುಗಿ ಹೊರಬರುತ್ತದೆ, ಅದರ ಮೇಲೆ ಕಾಲು ಚಾಚುತ್ತಿದ್ದರು. ಆ ಪಟ್ಟಿ ಕಳಚಿಹೋಗಿದ್ದರೆ ತೋಳಿನ ತುದಿಯಲ್ಲಿ ತಿರುಗಣೆಯ ತೂತು ಹುಡುಕಿ. ಸೇನೆಯ ಸಾಮಾನಿನ ಗುರುತು ಬೇರೆ: ಎರಡು ತುಂಡಾಗಿ ಬಿಚ್ಚುವ ಡ್ರಾಯರ್ ಪೆಟ್ಟಿಗೆ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಮೇಲ್ಮೈಗೆ ಸಮನಾಗಿ ಒಳಗೆ ಕೂರಿಸಿದ ಹಿಡಿಕೆ, ತಿರುಗಿಸಿ ತೆಗೆಯುವ ಕಾಲು. ಎತ್ತಿನ ಗಾಡಿಯಲ್ಲೋ ಒಂಟೆಯ ಮೇಲೋ ಹೇರಲು ಮಾಡಿದ್ದು. ಕ್ಯಾನ್ವಾಸ್ ಸೀಟಿನ, ಅಂಟು ಹಾಕದೆ ಜೋಡಿಸುವ ರೂರ್ಕಿ ಕುರ್ಚಿಯೂ ಇದೇ ಜಾತಿ.

ಉಪಯೋಗ ಗೊತ್ತಾದ ಮೇಲೆ ಕಾಲ ಮತ್ತು ಊರು. ಡ್ರಾಯರ್ ಹೊರಗೆಳೆದು ಮೂಲೆಯ ಜೋಡಣೆ ನೋಡಿ. ಎರಡು ಹಲಗೆಗಳು ಕಚ್ಚಿಕೊಳ್ಳುವ ಹಲ್ಲುಗಳು ಒಂದಕ್ಕೊಂದು ಸ್ವಲ್ಪ ಹೆಚ್ಚುಕಮ್ಮಿ ಇದ್ದು, ಪಕ್ಕದಲ್ಲಿ ಬಡಗಿ ಎಳೆದ ಗೀರು ಕಂಡರೆ ಕೈಕೆಲಸ. ಹಿಂಬದಿ ಹಲಗೆಯ ಮೇಲೆ ಗರಗಸದ ಗುರುತು ನೇರ ಗೆರೆಗಳಾಗಿದ್ದರೆ ಕೈ ಗರಗಸದಲ್ಲಿ ಕೊಯ್ದದ್ದಿರಬಹುದು, ಬಿಲ್ಲಿನಂತೆ ಬಾಗಿದ್ದರೆ ಚಕ್ರ ಗರಗಸದ ಸಾಮಿಲ್ಲು. ಸ್ಕ್ರೂ ಒಂದನ್ನು ಮೆಲ್ಲಗೆ ಬಿಚ್ಚಿ ನೋಡಿ. ತುದಿ ಮೊಂಡಾಗಿದ್ದು ತಲೆಯ ಸೀಳು ನಡುವಿನಲ್ಲಿ ಇರದಿದ್ದರೆ ಅದು 19ನೇ ಶತಮಾನದ ಮಧ್ಯಕ್ಕಿಂತ ಹಿಂದಿನ ತಯಾರಿಯಾಗಿರುವ ಸಾಧ್ಯತೆ ಇದೆ. ಪ್ಲಸ್ ಗುರುತಿನ ತಲೆಯ ಸ್ಕ್ರೂ ಮಾತ್ರ 1930ರ ದಶಕದಲ್ಲಿ ಪೇಟೆಂಟ್ ಆದದ್ದು. "ನೂರೈವತ್ತು ವರ್ಷ ಹಳೇದು ಸಾರ್" ಅಂದ ಬೀರುವಿನಲ್ಲಿ ಎಲ್ಲಾ ಕಡೆ ಅದೇ ಇದ್ದರೆ ನಕ್ಕು ಮುಂದೆ ಹೋಗಿ. ಒಂದೆರಡು ಇದ್ದರೆ ರಿಪೇರಿ ಇರಬಹುದು, ಅಷ್ಟಕ್ಕೇ ಬಿಟ್ಟುಬಿಡಬೇಡಿ. ಬೀಗದ ಮೇಲಿನ ಹೆಸರನ್ನೂ ಪೂರ್ತಿ ನಂಬುವ ಹಾಗಿಲ್ಲ. ಬೀಗ ಬದಲಾಗುತ್ತಿರುತ್ತದೆ, ಪಕ್ಕದಲ್ಲಿ ಹಳೇ ಬೀಗದ ಅಚ್ಚು ಅಥವಾ ಮುಚ್ಚಿದ ತೂತು ಇದೆಯಾ ನೋಡಿ.

ಮರದ ವಿಷಯದಲ್ಲಿ ಎಲ್ಲರೂ "ಬರ್ಮಾ ತೇಗ" ಅಂತಲೇ ಹೇಳುತ್ತಾರೆ. ಬರ್ಮಾದಲ್ಲಿ ವ್ಯಾಪಾರ ಮಾಡಿದ ಚೆಟ್ಟಿಯಾರರ ಮನೆಗಳಿಗೆ ಆ ತೇಗ ಹೇರಳವಾಗಿ ಬಂದದ್ದು ನಿಜ, ಅವರ ಸೀಮೆಯಾದ ತಮಿಳುನಾಡಿನ ಕಾರೈಕುಡಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತದೆ. ಆದರೆ ಇದು ಬರ್ಮಾದ್ದು, ಇದು ದಾಂಡೇಲಿಯದ್ದು ಅಂತ ಬರೀ ಕಣ್ಣಲ್ಲಿ ಹೇಳುವವರ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಹಲಸಿನ ಮರ ಹಳದಿಯಾಗಿ ಶುರುವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಕಾಣದ ಜಾಗದಲ್ಲಿ ಸ್ವಲ್ಪ ಕೆರೆದರೆ ಹಳದಿ ಇಣುಕುತ್ತದೆ. ಬೀಟೆ ಭಾರ, ನೇರಳೆಗಪ್ಪು ಗೆರೆ. ಹೊನ್ನೆ ಅಂತ ಅನುಮಾನ ಬಂದರೆ ಒಂದು ಒಳ್ಳೇ ಪರೀಕ್ಷೆ ಇದೆ. ತಳದ ಕಡೆಯಿಂದ, ಪಾಲಿಶ್ ತಾಗದ ಜಾಗದಲ್ಲಿ ಚಿಟಿಕೆಯಷ್ಟು ಪುಡಿ ಕೆರೆದು ಗಾಜಿನ ಲೋಟದ ನೀರಿಗೆ ಹಾಕಿ ಒಂದಷ್ಟು ಹೊತ್ತು ಬಿಡಿ. ನೀರು ಹೊಂಬಣ್ಣಕ್ಕೆ ತಿರುಗಿ, ಬಿಸಿಲಿಗೆ ಹಿಡಿದಾಗ ನೀಲಿ ಹೊಳಪು ಕಂಡರೆ ಹೊನ್ನೆಯಾಗಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಅಂತ ಮಾರುವ ಹೊನ್ನೆ ಮರದ ಲೋಟದಲ್ಲಿ ನೀರಿಟ್ಟವರು ಈ ಬಣ್ಣ ನೋಡಿರುತ್ತಾರೆ.

ಬಾಗಿಸಿದ ಮರದ, ಬೆತ್ತದ ಸೀಟಿನ ಹಗುರ ಕುರ್ಚಿ ಸಿಕ್ಕಿದರೆ ತಲೆಕೆಳಗು ಮಾಡಿ. ಮುಂಬೈಯ ಇರಾನಿ ಹೋಟೆಲುಗಳಲ್ಲಿ ಇರುವುದು ಇದೇ ಬಗೆಯದ್ದು. ಇದರ ಮೂಲ ಮಾದರಿ ಥೋನೆಟ್ ಕಂಪನಿಯ 14ನೇ ನಂಬರಿನ ಕುರ್ಚಿ, 1859ರದ್ದು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿ ತುಂಬಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು, ಅದಕ್ಕೇ ಹಡಗು ಹತ್ತಿ ಲೋಕವೆಲ್ಲ ಸುತ್ತಿದವು. 1869ರಲ್ಲಿ ಪೇಟೆಂಟ್ ಮುಗಿದ ಮೇಲೆ ಕೋನ್, ಮುಂಡುಸ್ ಮುಂತಾದ ಕಂಪನಿಗಳೂ ಮಾಡಿದವು. ಸೀಟಿನ ಬಳೆಯ ಒಳಬದಿಯಲ್ಲಿ ಕಾಗದದ ಚೀಟಿ ಅಥವಾ ಒತ್ತಿದ ಮುದ್ರೆ ಹುಡುಕಿ. ಚೀಟಿ ಹರಿದಿದ್ದರೂ ಕೀಳಬೇಡಿ.

ಬಣ್ಣ ಬಳಿದ, ರಾಮಾಯಣದ ಚಿತ್ರಗಳಿರುವ ಅರಗಿನ ಹೊಳಪಿನ ಹಲಗೆ ಗೋಡೆಗೆ ತೂಗುಹಾಕಲು ಅಂತ ಸಿಕ್ಕಿದರೆ ಅದರ ಅಂಚಿನಲ್ಲಿ ಕಂಬ ಸೇರಿಸುವ ಗೂಟವೋ ತೂತೋ ಇದೆಯಾ ನೋಡಿ. ಧಾರವಾಡ ಜಿಲ್ಲೆಯ ಕಲಘಟಗಿ ತೊಟ್ಟಿಲಿನ ಒಂದು ಮಗ್ಗುಲು ಅದಾಗಿರಬಹುದು. ಉಳಿದ ಮಗ್ಗುಲುಗಳು ಅದೇ ಅಂಗಡಿಯ ಹಿಂದೆ ಬಿದ್ದಿರಲೂಬಹುದು, ಕೇಳಿ.

ಇಷ್ಟಾದರೂ ತಿಳಿಯದಿದ್ದರೆ ಹೋಲಿಸಿ ನೋಡಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ, ರಾಮನಗರದ ಜಾನಪದ ಲೋಕ, ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತು ಸಂಗ್ರಹಾಲಯ, ಈ ಮೂರರಲ್ಲಿ ನಮ್ಮ ಕಡೆಯ ಮನೆ ಸಾಮಾನು ತುಂಬಾ ಇದೆ. ಅದಕ್ಕಿಂತ ಮುಂಚೆ ಫೋಟೋವನ್ನು ಎಪ್ಪತ್ತು ದಾಟಿದ ಅತ್ತೆ, ದೊಡ್ಡಮ್ಮಂದಿರಿಗೆ ತೋರಿಸಿ. ಆದರೆ "ಇದು ಶಾವಿಗೆ ಮಣೆ ಅಲ್ವಾ?" ಅಂತ ಕೇಳಬೇಡಿ, ಹೌದು ಅಂದುಬಿಡುತ್ತಾರೆ. "ಇದೇನು ಹೇಳಿ" ಅಂತಷ್ಟೇ ಕೇಳಿ, ಅವರು ಕೈಯಲ್ಲಿ ಮಾಡಿ ತೋರಿಸೋದನ್ನು ನೋಡಿ.

ಕೊನೆಗೆ ಕಾನೂನು. ಬಿಳಿ ಕುಸುರಿ ದಂತದ್ದು ಅಂತ ಮಾರುವವರೇ ಹೇಳಿದರೆ ಆ ಸಾಮಾನು ಮುಟ್ಟಬೇಡಿ, ದಂತದ ಮಾರಾಟ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತುಗಳು 1972ರ ಪುರಾವಸ್ತು ಕಾಯ್ದೆಗೆ ಬರುತ್ತವೆ, ಅವನ್ನು ಖಾಸಗಿಯಾಗಿ ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕಕ್ಕೋ ದುಬೈಗೋ ಅಜ್ಜಿಯ ಪೆಟ್ಟಿಗೆ ಕಳಿಸಬೇಕು ಅಂತಿದ್ದರೆ, ಅದು ಪುರಾವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಮಾಡಿಸಿಕೊಳ್ಳಿ, ಕಂಟೇನರ್ ಬುಕ್ ಮಾಡಿದ ಮೇಲೆ ಅಲ್ಲ.