ಡಿಸ್ಕಿನಲ್ಲಿ 90 ಜಿಬಿ ಖಾಲಿ, ಆದರೂ 'ನೋ ಸ್ಪೇಸ್': ಫಾರ್ಮ್ಯಾಟ್ ಮಾಡದೆ ಬಿಡಿಸಿದ ಬಗೆ

ಮೈಸೂರಿನ ಒಂದು ಫೋಟೋ ಸ್ಟುಡಿಯೋದ ಬ್ಯಾಕಪ್ ಮೆಷಿನ್ ಇದು. 4 ಟಿಬಿಯ ಒಂದೇ ಡಿಸ್ಕ್, ಅದರಲ್ಲಿ ಬಿಟಿಆರ್‌ಎಫ್‌ಎಸ್ (btrfs, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಲಿನಕ್ಸ್ ಫೈಲ್‌ಸಿಸ್ಟಮ್). ದಸರಾ ಫೋಟೋಗಳೆಲ್ಲ ಒಳಗೆ ಹೋದ ಮೇಲೆ, ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ಸುಮಾರು 90 ಜಿಬಿ ಖಾಲಿ ಅನ್ನುತ್ತಿತ್ತು; ಕಾಪಿ ಮಾಡಹೋದರೆ 'ನೋ ಸ್ಪೇಸ್'. ಡಿಲೀಟ್ ಮಾಡಹೋದರೂ ಅದೇ ಎರರ್. ಕೇಳಿದವರೆಲ್ಲ ಹೊಸ ಡಿಸ್ಕ್ ತಗೊಂಡು ಫಾರ್ಮ್ಯಾಟ್ ಮಾಡಿ ಅಂದರು. ಅದಕ್ಕೆ ಒಂಬತ್ತು ಸಾವಿರದ ಆಸುಪಾಸು ಆಗುತ್ತಿತ್ತು. ಕೊನೆಗೆ ಖರ್ಚಾದದ್ದು 32 ಜಿಬಿ ಪೆನ್‌ಡ್ರೈವಿಗೆ ನಾನ್ನೂರು ಚಿಲ್ಲರೆ.

ಇಂಥ ಕಡೆ ಡಿಎಫ್ ನಂಬಿ ಕೂರಬಾರದು. 'ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಯೂಸೇಜ್' ಕೊಟ್ಟು 'ಡಿವೈಸ್ ಅನ್‌ಅಲೊಕೇಟೆಡ್' ಸಾಲು ನೋಡಿ; ಯಾವುದಕ್ಕೂ ಇನ್ನೂ ಹಂಚದ ಜಾಗ ಅದು. ಇಲ್ಲಿ ಅದು ಬರೀ 1 ಎಂಬಿ. ಈ ಫೈಲ್‌ಸಿಸ್ಟಮ್ ಡಿಸ್ಕನ್ನು ಚಂಕು ಅನ್ನುವ ದೊಡ್ಡ ತುಂಡುಗಳಾಗಿ ಡೇಟಾಗೆ (ಫೈಲಿನ ಒಳಗಿನದು) ಮತ್ತು ಮೆಟಾಡೇಟಾಗೆ (ಫೈಲಿನ ಹೆಸರು, ಎಲ್ಲಿದೆ ಇತ್ಯಾದಿ ಲೆಕ್ಕ) ಬೇರೆಬೇರೆಯಾಗಿ ಹಂಚುತ್ತದೆ. ಡೇಟಾ ಚಂಕುಗಳು ಡಿಸ್ಕನ್ನೆಲ್ಲ ಹಿಡಿದುಕೊಂಡು ಒಳಗೆ ಅರ್ಧಂಬರ್ಧ ಖಾಲಿ ಕೂತಿದ್ದವು, ಮೆಟಾಡೇಟಾ ಮಾತ್ರ ಭರ್ತಿ. 512 ಎಂಬಿಯ ಗ್ಲೋಬಲ್ ರಿಸರ್ವ್ (ತುರ್ತಿಗೆ ಎತ್ತಿಟ್ಟ ಜಾಗ) ಕೂಡ ಮೆಟಾಡೇಟಾದ ಪಾಲಿನಿಂದಲೇ ಹೋಗುತ್ತದೆ, 'ಯೂಸ್ಡ್' ಅಂಕಿಗೆ ಅದನ್ನೂ ಕೂಡಿಸಿ ನೋಡಬೇಕು. ಹೊಸ ಮೆಟಾಡೇಟಾ ಚಂಕ್ ಸಾಮಾನ್ಯವಾಗಿ 1 ಜಿಬಿ. ಡಪ್ ಸೆಟ್ಟಿಂಗ್ ಇರುವುದರಿಂದ ಎರಡು ಪ್ರತಿ, ಒಟ್ಟು 2 ಜಿಬಿ ಬೇಕು.

ಮೊದಲು ಸ್ನ್ಯಾಪ್‌ಶಾಟ್ (ಫೈಲುಗಳ ಆ ಕ್ಷಣದ ಸ್ಥಿತಿ) ತೆಗೆಯುವ ಟೈಮರ್ ನಿಲ್ಲಿಸಿ, ಫೈಲ್ ಓದಿದ ಸಮಯ ಬರೆಯದಂತೆ ನೋಏಟೈಮ್ ಹಾಕಿ ರೀಮೌಂಟ್. ಚಂಕುಗಳ ಡೇಟಾವನ್ನು ಬೇರೆಡೆ ಒತ್ತಾಗಿ ಜೋಡಿಸಿ ಚಂಕು ಬಿಡಿಸುವ ಕಮಾಂಡ್ ಬ್ಯಾಲೆನ್ಸ್. ಅದಕ್ಕೆ '-ಡಿಯೂಸೇಜ್=0' ಕೊಟ್ಟರೆ ಪೂರ್ತಿ ಖಾಲಿ ಇರುವ ಚಂಕುಗಳಷ್ಟೇ ಬಿಡುಗಡೆ; ಹೊಸ ಕರ್ನಲ್ ಅವನ್ನು ತಾನೇ ಬಿಡುವುದರಿಂದ ಇಲ್ಲಿ ಏನೂ ಸಿಗಲಿಲ್ಲ. 5 (ಶೇ 5ರೊಳಗೆ ತುಂಬಿದ ಚಂಕುಗಳು) ಕೊಟ್ಟಾಗ ಬ್ಯಾಲೆನ್ಸೇ 'ನೋ ಸ್ಪೇಸ್' ಅಂತ ನಿಂತಿತು. ಡೇಟಾ ಎತ್ತಿಡಲು ಒಂದು ಖಾಲಿ ಚಂಕಾದರೂ ಬೇಕಲ್ಲ.

ಆಗ ಪೆನ್‌ಡ್ರೈವನ್ನು 'ಡಿವೈಸ್ ಆ್ಯಡ್' ಕೊಟ್ಟು ಫೈಲ್‌ಸಿಸ್ಟಮ್ಮಿಗೆ ಸೇರಿಸಿ, 5, 10, 20, 30 ಅಂತ ಹಂತಹಂತವಾಗಿ ಬ್ಯಾಲೆನ್ಸ್. 20ರ ಹೊತ್ತಿಗೆ ನಲವತ್ತು ಜಿಬಿ ಹತ್ತಿರ ಅನ್‌ಅಲೊಕೇಟೆಡ್ ಬಂತು. ಮುಗಿದ ತಕ್ಷಣ 'ಡಿವೈಸ್ ರಿಮೂವ್'. ಅದು ಮುಗಿಯುವ ತನಕ ಪೆನ್‌ಡ್ರೈವ್ ಮುಟ್ಟಬಾರದು, ಮೆಷಿನ್ ಯುಪಿಎಸ್ ಮೇಲೇ ಇರಬೇಕು. ರ್‍ಯಾಮ್‌ನಲ್ಲಿ ಲೂಪ್ ಫೈಲ್ (ಡಿಸ್ಕಿನಂತೆ ಬಳಸುವ ಫೈಲ್) ಮಾಡಿ ಪೆನ್‌ಡ್ರೈವಿನ ಬದಲು ಸೇರಿಸಿದರೆ ವೇಗ ಜಾಸ್ತಿ ಅನ್ನುವವರಿದ್ದಾರೆ. ನಡುವೆ ಕರೆಂಟ್ ಹೋದರೆ ಅಲ್ಲಿಟ್ಟ ಮೆಟಾಡೇಟಾ ಹೋಯಿತು, ಫೈಲ್‌ಸಿಸ್ಟಮ್ಮೂ ಹೋಯಿತು.

ಮೆಟಾಡೇಟಾ ಚಂಕುಗಳನ್ನು ಬ್ಯಾಲೆನ್ಸ್ ಮಾಡುವ '-ಎಂಯೂಸೇಜ್' ಮಾತ್ರ ಬೇಡ. ಮೆಟಾಡೇಟಾದಲ್ಲಿ ಉಳಿದಿರುವ ಸಡಿಲ ಜಾಗವನ್ನೂ ಅದು ಬಿಟ್ಟುಕೊಡುತ್ತದೆ, ಡೇಟಾ ಅದನ್ನು ನುಂಗುತ್ತದೆ, ಮತ್ತೆ ಅದೇ ಪಾಡು. ಸ್ನ್ಯಾಪ್‌ಶಾಟ್ ಇರುವಾಗ ಡಿಫ್ರ್ಯಾಗ್ (ಚದುರಿದ ಫೈಲನ್ನು ಒಂದೆಡೆ ಸೇರಿಸುವುದು) ಕೂಡ ಬೇಡ, ಸ್ನ್ಯಾಪ್‌ಶಾಟ್ ಜೊತೆ ಹಂಚಿಕೊಂಡಿದ್ದ ಎಕ್ಸ್‌ಟೆಂಟ್‌ಗಳು (ಡೇಟಾ ತುಂಡುಗಳು) ಬೇರೆಬೇರೆಯಾಗಿ ಜಾಗ ಇನ್ನಷ್ಟು ತಿನ್ನುತ್ತವೆ.

ಈಗ ವಾರಕ್ಕೊಮ್ಮೆ '-ಡಿಯೂಸೇಜ್=20,ಲಿಮಿಟ್=3' ಓಡುತ್ತದೆ, ಒಂದು ಸಲಕ್ಕೆ ಮೂರು ಚಂಕಷ್ಟೇ. ಅದು ಯಾವಾಗ ಓಡಬೇಕು, ಯಾವಾಗ ಸುಮ್ಮನಿರಬೇಕು ಅಂತ ತೀರ್ಮಾನಿಸುವ ಸ್ಕ್ರಿಪ್ಟ್ ಮಾತ್ರ ಕೊಡುವುದಿಲ್ಲ, ನಮ್ಮ ಹೊಟ್ಟೆಪಾಡು ಅದರಲ್ಲಿದೆ.

ಮೆಟಾಡೇಟಾ ಬೇಗ ತುಂಬದಿರಲು ಇನ್ನೊಂದು ಪ್ರಯೋಗವೂ ಆಯಿತು. ಎಡಿಟಿಂಗ್ ಸಾಫ್ಟ್‌ವೇರ್ ಪ್ರತಿ ಫೋಟೋ ಪಕ್ಕ ಬಿಡುವ ಪುಟ್ಟ ಫೈಲುಗಳಲ್ಲಿ 2048 ಬೈಟಿನೊಳಗಿನವು ಡೇಟಾಗೆ ಹೋಗದೆ ಮೆಟಾಡೇಟಾದೊಳಗೇ ಕೂರುತ್ತವೆ, ಅದೂ ಎರಡೆರಡು ಪ್ರತಿ. 'ಮ್ಯಾಕ್ಸ್_ಇನ್‌ಲೈನ್=0' ಹಾಕಿ ಮೌಂಟ್ ಮಾಡಿದರೆ ಹೊಸವು 4 ಕೆಬಿ ಡೇಟಾ ಬ್ಲಾಕಿಗೆ ಹೋಗುತ್ತವೆ; ಹಳೆಯವು ಇದ್ದಲ್ಲೇ, ಬೇಕಾದರೆ ಅವನ್ನು ಹೊಸದಾಗಿ ಬರೆಯಬೇಕು. ಲಕ್ಷಗಟ್ಟಲೆ ಫೈಲಿದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ.