ಮಗುವಿಗೆ ಮೊದಲು ಕಲಿಸಬೇಕಾದದ್ದು ಹಗ್ಗ ಬಿಡೋದು

ಐದಾರು ವರ್ಷದ ಮಗುವಿನ ಕೈಗೆ ನಾಯಿ ಹಗ್ಗ ಕೊಡುತ್ತೇನೆ ಅಂದಾಗ ನಮ್ಮ ತುಮಕೂರಿನ ನಾಯಿ ಸಾಕಿರೋ ಮಂದಿಯೆಲ್ಲ ಒಂದೇ ರಾಗ ಹಾಡಿದರು: “ಬೇಡ ಕಣಪ್ಪ, ದರದರ ಎಳ್ಕೊಂಡು ಹೋಗುತ್ತೆ.” ಈಗ ಅವರಲ್ಲೇ ಮೂರ್ನಾಲ್ಕು ಜನ ಹಗ್ಗದ ಅಳತೆ ಕೇಳಿಕೊಂಡು ಬರುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬಿಡಿಸಿ ಹೇಳೋದಕ್ಕಿಂತ ಒಮ್ಮೆ ಬರೆದಿಡುವುದೇ ವಾಸಿ. ನಾಯಿಗೆ ಹಾರ್ನೆಸ್ (ಎದೆ, ಬೆನ್ನು ಬಳಸಿ ಕಟ್ಟುವ ಪಟ್ಟಿ) ಹಾಕೋದು, ಹಗ್ಗ ಸಡಿಲ ಇಟ್ಟುಕೊಂಡು ಪಕ್ಕದಲ್ಲಿ ನಡೆಸೋದು ನಿಮಗೆ ಬರುತ್ತದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಅಷ್ಟು ಬಾರದ ನಾಯಿಯಾದರೆ ಮಗುವಿನ ಮಾತು ಈಗಲೇ ಬೇಡ.

ಎರಡು ಹಗ್ಗದ ಪದ್ಧತಿ ಹೊಸದಲ್ಲ. ದೊಡ್ಡವರ ಕೈಯಲ್ಲಿ ಒಂದು, ಮಗುವಿನ ಕೈಯಲ್ಲಿ ಒಂದು. ಆದರೆ ಎರಡನ್ನೂ ಒಂದೇ ಉದ್ದಕ್ಕೆ ತಂದು ಕಟ್ಟಿದರೆ ಅದು ಬರೀ ತೋರಿಕೆಗೆ. ನಾಯಿ ನುಗ್ಗಿದಾಗ ಎರಡೂ ಒಟ್ಟಿಗೆ ಬಿಗಿಯುತ್ತವೆ, ಮಗು ಮುಗ್ಗರಿಸುತ್ತದೆ. ದೊಡ್ಡವರ ಹಗ್ಗ ಮೊದಲು ಬಿಗಿಯಬೇಕು, ಮಗುವಿನದು ಆಗಲೂ ಜೋಲುತ್ತಿರಬೇಕು. ಹಾಗಂತ ಮಗುವಿನದನ್ನು ನಾಲ್ಕೂವರೆ, ಐದು ಅಡಿ ಮಾಡಿದರೆ ಜೋಲು ನೆಲ ಮುಟ್ಟಿ ನಾಯಿಯ ಮುಂಗಾಲಿನ ಸಂದಿಗೆ ಸೇರುತ್ತದೆ. ಆಗ ನಾಯಿ ಗಾಬರಿಯಾಗಿ ಜಿಗಿಯುತ್ತದೆ, ತಪ್ಪು ನಾಯಿಯದಲ್ಲ. ಕತ್ತರಿಸಿ, ಜೋಡಿಸಿ, ಮತ್ತೆ ಕತ್ತರಿಸಿ ಕೊನೆಗೆ ನಿಂತ ಅಳತೆ ಇದು: ದೊಡ್ಡವರದು ಎರಡೂವರೆ ಅಡಿ, ಮಗುವಿನದು ಮೂರೂವರೆ ಅಡಿ. ಮಧ್ಯಮ ಎತ್ತರದ ನಾಯಿ, ಮೂರೂವರೆ ಅಡಿ ಎತ್ತರದ ಮಗು ಇದ್ದಾಗ ಜೋಲು ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ. ನಾಯಿ ಕುಳ್ಳಗಿದ್ದರೆ ಎರಡರ ಉದ್ದವನ್ನೂ ಅದಕ್ಕೆ ಹೊಂದಿಸಿಕೊಳ್ಳಿ, ಒಂದಡಿ ವ್ಯತ್ಯಾಸ ಮಾತ್ರ ಕಡಿಮೆಯಾಗಬಾರದು.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಇನ್ನೊಂದಿದೆ. ದೊಡ್ಡವರ ತೋಳು ಮುಂದಕ್ಕೆ ಚಾಚಿಕೊಂಡರೆ ಆ ಒಂದಡಿ ಅಲ್ಲೇ ಕರಗಿಹೋಗುತ್ತದೆ. ಮೊಣಕೈ ಪಕ್ಕೆಲುಬಿಗೆ ಅಂಟಿರಬೇಕು. ಇದನ್ನು ಮಗು ಬೇಗ ಕಲಿಯುತ್ತದೆ, ಮೊಬೈಲ್ ನೋಡುತ್ತಾ ನಡೆಯುವ ಅಪ್ಪಂದಿರು ಕಲಿಯುವುದಿಲ್ಲ.

ದೊಡ್ಡವರ ಹಗ್ಗದ ಹುಕ್ಕು ಹಾರ್ನೆಸ್ಸಿನ ಎದೆಯ ರಿಂಗಿಗೆ, ಮಗುವಿನದು ಬೆನ್ನಿನ ರಿಂಗಿಗೆ. ಕೊರಳ ಪಟ್ಟಿಗೆ ಮಗುವಿನ ಹಗ್ಗ ಬೇಡವೇ ಬೇಡ. ಮಕ್ಕಳು ಕಾರಣವಿಲ್ಲದೆ ಜಗ್ಗುತ್ತಾರೆ, ಅದೆಲ್ಲ ನಾಯಿಯ ಗಂಟಲಿಗೆ ಬೀಳುತ್ತದೆ. ರಸ್ತೆಯ ಕಡೆ ದೊಡ್ಡವರು, ನಡುವೆ ನಾಯಿ, ಮನೆಗಳ ಕಡೆ ಮಗು. ಎದೆಯ ರಿಂಗು ಬಿಗಿದಾಗ ನಾಯಿಯ ಮೈ ದೊಡ್ಡವರ ಕಡೆಗೇ ತಿರುಗುತ್ತದೆ, ಮಗುವಿನ ಕಾಲಿಗೆ ಅಡ್ಡ ಬರುವುದಿಲ್ಲ. ಕೆಲವು ನಾಯಿಗಳು ಹಿಂದಕ್ಕೆ ಸರಿದು ಹಾರ್ನೆಸ್ಸಿನಿಂದ ಜಾರಿಕೊಳ್ಳುತ್ತವೆ. ಅದಕ್ಕೆ ಎದೆಯ ರಿಂಗಿನಿಂದ ಕೊರಳ ಪಟ್ಟಿಗೆ ಗೇಣುದ್ದದ ದಾರವೊಂದನ್ನು ಎರಡು ಹುಕ್ಕು ಹಾಕಿ ಕಟ್ಟಿಡಿ.

ಮಗುವಿನ ಹಗ್ಗದ ತುದಿಗೆ ಕುಣಿಕೆ ಇರಕೂಡದು. ಕುಣಿಕೆ ಕಂಡರೆ ಮಗು ಅದರೊಳಗೆ ಕೈ ತೂರಿಸುತ್ತದೆ, ಇಲ್ಲವೇ ಮುಂಗೈಗೆ ಸುತ್ತಿಕೊಳ್ಳುತ್ತದೆ. ಬೆರಳು, ಮಣಿಕಟ್ಟು ಉಳುಕೋದು ಹೀಗೆ. ತುದಿಯಲ್ಲಿ ದಪ್ಪ ಗಂಟು ಒಂದೇ ಸಾಕು. ಬಿಟ್ಟ ಹಗ್ಗ ನೆಲದಲ್ಲಿ ಎಳೆದಾಡಿದರೂ ಸ್ಕೂಟರ್ ಸ್ಟ್ಯಾಂಡಿಗೋ ಗೇಟಿಗೋ ಸಿಕ್ಕಿಕೊಳ್ಳುವುದಿಲ್ಲ.

ಅಂಗಡಿಯ ನೈಲಾನ್ ಹಗ್ಗ ಎಳೆದಾಗ ಅಂಗೈ ಉರಿಯುತ್ತದೆ. ಮಂಚಕ್ಕೆ ನೇಯುವ ಹತ್ತಿಯ ನವಾರವೇ ಒಳ್ಳೆಯದು. ಒಂದಿಂಚಿನ ಅಗಲದ್ದು ಸಿಗದಿದ್ದರೆ ಅಗಲದ್ದನ್ನೇ ಮಡಿಸಿ ಹೊಲಿಸಿಕೊಳ್ಳಿ. ಮೀಟರಿಗೆ ಇಪ್ಪತ್ತು ರೂಪಾಯಿ ಆಸುಪಾಸು ಕೊಟ್ಟ ನೆನಪು. ಹುಕ್ಕು ಐವತ್ತು, ಹೊಲಿಗೆಗೆ ಚಪ್ಪಲಿ ರಿಪೇರಿಯವರಿಗೆ ಅರವತ್ತು. ಟೈಲರ್ ಮಿಷನ್ನಿನ ಹೊಲಿಗೆ ಹುಕ್ಕಿನ ಹತ್ತಿರ ನಿಲ್ಲುವುದಿಲ್ಲ, ಚೌಕಾಕಾರವಾಗಿ ಹೊಲಿದು ಒಳಗೆ ಅಡ್ಡಡ್ಡ ಗೀಟು ಹೊಡೆಸಬೇಕು. ದಂಡವಾದ ದುಡ್ಡಿನ ಲೆಕ್ಕವೂ ಇರಲಿ. ಗುಂಡಿ ಒತ್ತಿದರೆ ಒಳಗೆ ಸುತ್ತಿಕೊಳ್ಳುವ ಹಗ್ಗಕ್ಕೆ ಒಂಬೈನೂರೋ ಸಾವಿರವೋ ಹೋಯಿತು. ಅದರ ತೆಳು ದಾರ ಕಾಲಿಗೆ ಸುತ್ತಿಕೊಂಡರೆ ಚರ್ಮ ಸೀಳುತ್ತದೆ. ಹಿಡಿಕೆ ಮಗುವಿನ ಕೈಯಿಂದ ಬಿದ್ದರೆ ಸದ್ದು ಮಾಡುತ್ತಾ ಹಿಂದೆಯೇ ಬರುವ ಡಬ್ಬಿಗೆ ಹೆದರಿ ನಾಯಿ ಇನ್ನೂ ಜೋರಾಗಿ ಓಡುತ್ತದೆ. ಕಬ್ಬಿಣದ ಚೈನು ಭಾರ, ಬೆರಳು ಕಚ್ಚುತ್ತದೆ. ಮಗುವಿನ ಸೊಂಟಕ್ಕೆ ಕಟ್ಟುವ ಬೆಲ್ಟನ್ನೂ ಮಾರುತ್ತಾರೆ, ಅದನ್ನು ಮುಟ್ಟಲೇಬೇಡಿ. ಅದರಲ್ಲಿ ಬಿಡುವ ದಾರಿಯೇ ಇಲ್ಲ.

ಈಗ ವೆಲ್ಕ್ರೋ, ಅಂದರೆ ಒತ್ತಿದರೆ ಅಂಟಿ ಎಳೆದರೆ ಬಿಚ್ಚುವ ಪಟ್ಟಿ. ನನಗೆ ಹೆಮ್ಮೆ ಇರೋದು ಈ ಭಾಗದ ಬಗ್ಗೆ. ಮಗು ಹೆದರಿದಾಗ ಮುಷ್ಟಿ ಬಿಗಿಯಾಗುತ್ತದೆ, ಎಷ್ಟು ಕಲಿಸಿದ್ದರೂ ಒಂದೊಂದು ಸಲ ಬಿಡುವುದಿಲ್ಲ. ಆಗ ಹಗ್ಗವೇ ಬಿಟ್ಟುಕೊಳ್ಳಬೇಕು. ಹುಕ್ಕಿನಿಂದ ಅರ್ಧ ಅಡಿ ದೂರದಲ್ಲಿ ನವಾರವನ್ನು ಕತ್ತರಿಸಿ, ಎರಡು ತುದಿಗೂ ವೆಲ್ಕ್ರೋ ಹೊಲಿದು ಒಂದರ ಮೇಲೊಂದು ಕೂರಿಸಿ. ಎಷ್ಟು ಎಳೆದರೆ ಬಿಚ್ಚಬೇಕು? ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹಗ್ಗಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದು ನೋಡಿ. ಹದಿನೆಂಟು ಕಿಲೋ ತೂಗುವ ಮಗುವಿನ ಪಾದ ನಾಲ್ಕೈದು ಕಿಲೋ ಸೆಳೆತಕ್ಕೇ ಕಿತ್ತುಬರುತ್ತದೆ. ಹಾಗಾಗಿ ಮೂರು ಕಿಲೋ ಹತ್ತಿರ ಬಿಚ್ಚಿದರೆ ಸರಿ. ಎರಡಿಂಚು ಮೇಲೆ ಮೇಲೆ ಕೂರಿಸಿದ್ದು ನೀರು ತುಂಬಿದ ಬಕೆಟ್ಟನ್ನೇ ಹೊತ್ತು ನಿಂತಿತು, ಎಂಟೊಂಬತ್ತು ಕಿಲೋಗೂ ಜಪ್ಪಯ್ಯ ಅನ್ನಲಿಲ್ಲ. ಮುಕ್ಕಾಲು ಇಂಚಿಗೆ ಇಳಿಸಿದಾಗ ದಾರಿಗೆ ಬಂತು. ತಕ್ಕಡಿ ಇಲ್ಲದಿದ್ದರೆ ಹಗ್ಗಕ್ಕೆ ಖಾಲಿ ಬಕೆಟ್ ನೇತುಹಾಕಿ, ಒಂದು ಲೀಟರಿನ ಮಗ್ಗಿನಲ್ಲಿ ನೀರು ಸುರಿಯುತ್ತಾ ಹೋಗಿ. ಬಕೆಟ್ಟಿನ ತೂಕ ಸೇರಿಸುವುದು ಮರೆಯಬೇಡಿ.

ವೆಲ್ಕ್ರೋಗೆ ಧೂಳು, ಕೂದಲು ಆಗದು. ತಿಂಗಳೊಪ್ಪತ್ತಿನಲ್ಲಿ ಸಡಿಲವಾಗಿ ಸುಮ್ಮಸುಮ್ಮನೆ ಬಿಚ್ಚತೊಡಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಇನ್ನಷ್ಟು ದಿನ ಬರುತ್ತದೆ. ನೇರ ಎಳೆತಕ್ಕೆ ತಡೆದು, ಪಕ್ಕದ ಎಳೆತಕ್ಕೆ ಸಲೀಸಾಗಿ ಬಿಚ್ಚುವ ಹಾಗೆ ತುದಿ ಮಡಿಸುವ ಒಂದು ರೀತಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಹಗ್ಗ ಹಾಳು ಮಾಡಿಕೊಂಡರೆ ನಿಮಗೇ ಹೊಳೆಯುತ್ತದೆ.

ಇನ್ನು ಮಗುವಿನ ಪಾಠ. ಎಲ್ಲರೂ “ಗಟ್ಟಿಯಾಗಿ ಹಿಡ್ಕೊ, ಬಿಡಬೇಡ” ಅಂತ ಶುರು ಮಾಡುತ್ತಾರೆ. ಅದನ್ನು ತಲೆಕೆಳಗು ಮಾಡಿ, ಮೊದಲು ಬಿಡೋದನ್ನು ಕಲಿಸಿ. ನಾಯಿ ಹೇಗೂ ನಿಮ್ಮ ಕೈಯಲ್ಲಿದೆ, ಮಗು ಬಿಟ್ಟರೆ ನಷ್ಟವೇನು? ಆದರೆ “ಬಿಡು” ಅನ್ನಬೇಡಿ. ನಮ್ಮ ಕಡೆ ಬಾಯಲ್ಲಿರೋ ವಸ್ತು ಕೆಳಗೆ ಹಾಕಲು ನಾಯಿಗೆ ಹೇಳುವ ಮಾತೂ ಅದೇ. “ಚಪ್ಪಾಳೆ!” ಅನ್ನಿ. ಮುಷ್ಟಿ ಬಿಚ್ಚದೆ ಚಪ್ಪಾಳೆ ತಟ್ಟಲಾಗದು, ತಟ್ಟಿದ್ದು ನಿಮಗೆ ಕೇಳುತ್ತದೆ, ಹಿಂತಿರುಗಿ ನೋಡಬೇಕಿಲ್ಲ. ತಟ್ಟಿದ ಮೇಲೆ ಓಡುವಂತಿಲ್ಲ. ನಿಮ್ಮ ಬೆನ್ನ ಹಿಂದೆ ಬಂದು ಅಂಗಿ ಹಿಡಿದು ನಿಲ್ಲಬೇಕು.

ಇದರ ಅಭ್ಯಾಸ ನಾಯಿಯಿಲ್ಲದೆ, ಮನೆಯ ಹಜಾರದಲ್ಲೇ ಆಗಲಿ. ಚಕ್ರವಿರುವ ಟ್ರಾಲಿ ಬ್ಯಾಗಿಗೆ ಹಗ್ಗ ಕಟ್ಟಿ ಮಗುವಿನ ಕೈಗೆ ಕೊಡಿ, ನೀವು ಬ್ಯಾಗನ್ನು ಇದ್ದಕ್ಕಿದ್ದಂತೆ ತಳ್ಳಿ ಕೂಗಿ. ಮಗು ನಗುನಗುತ್ತಾ ಬಿಡುವಷ್ಟು ರೂಢಿಯಾದ ಮೇಲೆ ನಾಯಿಯ ಸರದಿ. ನಾಯಿಗೂ ಬೇರೆಯಾಗಿ ಕಲಿಸಿ: ಚಪ್ಪಾಳೆ ಕೇಳಿದ ತಕ್ಷಣ ನಿಮ್ಮ ಕೈಯಿಂದ ಒಂದು ಚೂರು ಬೇಯಿಸಿದ ಕೋಳಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದ್ದು. ಕಾಲು ಕಿಲೋ ಕೋಳಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಫ್ರೀಜರಿನಲ್ಲಿಟ್ಟರೆ ವಾರ ಬರುತ್ತದೆ. ಹೀಗೆ ಪಳಗಿದ ನಾಯಿ ಬೆಕ್ಕಿನ ಹಿಂದೆ ನುಗ್ಗುತ್ತಿದ್ದರೂ ಆ ಸದ್ದಿಗೆ ಕಿವಿ ನಿಮಿರಿಸಿ ನಿಮ್ಮ ಕಡೆ ಕತ್ತು ಹೊರಳಿಸುತ್ತದೆ. ತಿಂಡಿಯ ಚೀಲ ಮಗುವಿನ ಬಳಿ ಬೇಡ. ಸಾಕಿದ ನಾಯಿಯೂ ಮೇಲೆ ಹಾರುತ್ತದೆ, ಬೀದಿನಾಯಿಯೂ ಬೆನ್ನು ಹತ್ತುತ್ತದೆ.

ಮಗುವಿಗೆ ಪೂರ್ತಿ ವಾಕಿಂಗ್ ಕೊಡಬೇಡಿ. ಮೊದಲ ಇಪ್ಪತ್ತು ನಿಮಿಷ ನೀವೊಬ್ಬರೇ ನಡೆಸಿ. ನಾಯಿಯ ಮೂಸಾಟ, ಒಂದಕ್ಕೆ ಎರಡಕ್ಕೆ ಎಲ್ಲ ಮುಗಿದು ಬಿಸಿ ಇಳಿದ ಮೇಲೆ, ಕೊನೆಯ ಹತ್ತು ನಿಮಿಷ ಮಾತ್ರ ಮಗುವಿಗೆ. ಐದಕ್ಕಿಂತ ಚಿಕ್ಕ ಮಗುವಾದರೆ ನಿಮ್ಮ ಕೈ ಹಿಡಿದು ಪಕ್ಕದಲ್ಲಿ ನಡೆಯಲಿ, ಅಷ್ಟೇ. ಎಂಟೊಂಬತ್ತು ದಾಟಿದ ಮೇಲೆ, ನಾಯಿಯ ತೂಕ ಮಗುವಿನ ತೂಕದ ಕಾಲುಭಾಗ ಮೀರದಿದ್ದರೆ ಒಂದೇ ಹಗ್ಗ ಕೊಡಬಹುದು, ಆಗಲೂ ಪಕ್ಕದಲ್ಲಿ ನೀವಿರಬೇಕು. ಇದು ನನ್ನ ಲೆಕ್ಕ. ಮೂವತ್ತು ಕಿಲೋದ ಲ್ಯಾಬ್ರಡಾರಿಗೆ ಈ ಲೆಕ್ಕದಲ್ಲಿ ಯಾವ ಮಗುವೂ ಸಾಲದು, ಅದಕ್ಕೆ ಎರಡು ಹಗ್ಗವೇ ಗತಿ. ಒಂದೂವರೆ ವರ್ಷ ತುಂಬದ ಪುಂಡ ನಾಯಿ, ಬೆದೆಗೆ ಬಂದ ಹೆಣ್ಣು ನಾಯಿ ಇವೆರಡಕ್ಕೂ ಮಗು ಬೇಡ.

ದಾರಿಯ ವಿಚಾರಕ್ಕೆ ಬಂದರೆ, ವಾಹನ ಕಿಕ್ಕಿರಿದ ಬಿ.ಎಚ್. ರಸ್ತೆಯಂಥ ಕಡೆ ಯೋಚನೆಯನ್ನೂ ಮಾಡಬೇಡಿ. ಬಡಾವಣೆಗಳ ಅಡ್ಡರಸ್ತೆಗಳೇ ಸರಿ, ಅದರಲ್ಲೂ ಕಸದ ಗುಡ್ಡೆ, ಕೋಳಿ ಅಂಗಡಿ ಇಲ್ಲದ ದಾರಿ. ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿಯ ಮುಂದೆ ಬೀದಿನಾಯಿಗಳ ಸಭೆಯೇ ಸೇರಿರುತ್ತದೆ. ಕ್ಯಾತ್ಸಂದ್ರದ ಕಡೆಯವರು ಶಿವರಾತ್ರಿ ಹೊತ್ತಿನಲ್ಲಿ ಸಿದ್ಧಗಂಗೆಯ ದನದ ಜಾತ್ರೆ ಮುಗಿಯೋವರೆಗೆ ಮಗುವನ್ನು ಬಿಟ್ಟು ನಡೆಯಿರಿ, ಎತ್ತುಗಳನ್ನು ಕಂಡರೆ ಪಳಗಿದ ನಾಯಿಯೂ ಬೇರೆಯಾಗಿಬಿಡುತ್ತದೆ. ದೇವರಾಯನದುರ್ಗಕ್ಕೆ ನಾಯಿ, ಮಗು ಎರಡನ್ನೂ ಒಟ್ಟಿಗೆ ಒಯ್ಯಬೇಡಿ. ಅಲ್ಲಿನ ಕೋತಿಗಳ ಮುಂದೆ ಯಾವ ಹಗ್ಗವೂ ನಡೆಯದು. ಬೇಸಿಗೆಯಲ್ಲಿ ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲಿಟ್ಟು ಏಳು ಎಣಿಸಿ. ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ತಡೆಯದು, ಸುಟ್ಟ ಪಾದದ ನಾಯಿ ಮನೆ ಕಡೆ ಎಳೆಯುತ್ತದೆ.

ಬೀದಿನಾಯಿ ಎದುರಾದರೆ ಹತ್ತಿರ ಬರುವವರೆಗೆ ಕಾಯಬೇಡಿ. ಇಪ್ಪತ್ತು ಹೆಜ್ಜೆ ಇರುವಾಗಲೇ “ಚಪ್ಪಾಳೆ”. ಮಗು ಬೆನ್ನ ಹಿಂದೆ ಬಂದ ಮೇಲೆ ನಿಮ್ಮ ನಾಯಿಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಬೆನ್ನು ತೋರಿಸದೆ ಅಡ್ಡಕ್ಕೆ ಸರಿಯಿರಿ. ನಿಮ್ಮ ನಾಯಿಯೂ ಮುಂಚೆಯೇ ಸೂಚನೆ ಕೊಡುತ್ತದೆ: ಬಾಯಿ ತಟ್ಟನೆ ಮುಚ್ಚುತ್ತದೆ, ಮೂತಿ ನೆಕ್ಕಿಕೊಳ್ಳುತ್ತದೆ, ಬಾಲದ ಆಟ ನಿಂತು ಬುಡ ಗಟ್ಟಿಯಾಗುತ್ತದೆ. ಬಾಯಿ ಮುಚ್ಚಿದ್ದು ಕಂಡಾಗಲೇ ಕೂಗುವುದು ನನ್ನ ಪದ್ಧತಿ. ಇಷ್ಟಾದ ಮೇಲೂ ಹಲ್ಲೋ ಉಗುರೋ ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯಾದರೆ 0 (ಮೊದಲ ಚುಚ್ಚಿನ ದಿನ), 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಅನ್ನೋ ಚುಚ್ಚುಮದ್ದನ್ನೂ ಕೇಳಿ. ನಿಮ್ಮ ನಾಯಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವರ್ಷ ವರ್ಷ ತಪ್ಪದೆ ಹಾಕಿಸಿರದಿದ್ದರೆ ಇದ್ಯಾವುದನ್ನೂ ಶುರು ಮಾಡಬೇಡಿ.

ಹಾದಿಯಲ್ಲಿ ಮಾಡಿದ ಇನ್ನೊಂದು ಪ್ರಯೋಗ ಗೆಜ್ಜೆಯದು. ಮಗುವಿನ ಹಗ್ಗದ ನಡುವೆ ಒಂದು ಗೆಜ್ಜೆ ಕಟ್ಟಿ, ಅದು ಸದ್ದು ಮಾಡದಂತೆ ನಡೆಯೋದೇ ಆಟ. ಜಗ್ಗುವ ಚಟ ಬೇಗ ಹೋಯಿತು. ಆದರೆ ಕಂಚಿನ ಗೆಜ್ಜೆ ಭಾರವಾಗಿ ಜೋಲು ಇನ್ನೂ ಇಳಿಯುತ್ತದೆ, ಕಾಲ್ಗೆಜ್ಜೆಯ ಸಣ್ಣ ಮಣಿಯೇ ಸಾಕು. ಇಬ್ಬರು ಮಕ್ಕಳಿರುವ ಮನೆಯಲ್ಲಿ ಮೂರನೇ ಹಗ್ಗ ಕಟ್ಟುವ ಯೋಚನೆ ಬೇಡ, ಜಡೆ ಹೆಣೆದಂತಾಗುತ್ತದೆ. ಹತ್ತು ನಿಮಿಷವನ್ನು ಲೈಟು ಕಂಬಗಳ ಲೆಕ್ಕದಲ್ಲಿ ಹಂಚಿ: ಒಬ್ಬರಿಗೆ ಮೂರು ಕಂಬ, ಇನ್ನೊಬ್ಬರಿಗೆ ಮೂರು ಕಂಬ. ಬದಲಾಯಿಸುವಾಗ ನಾಯಿಯನ್ನು ಕೂರಿಸಿ, ಮೊದಲನೆಯವರು ಚಪ್ಪಾಳೆ ತಟ್ಟಿ ಹಿಂದೆ ಬಂದ ಮೇಲೆ ಹಗ್ಗವನ್ನು ನೀವೇ ಎತ್ತಿ ಎರಡನೆಯವರ ಕೈಗೆ ಕೊಡಿ. ಅವರವರೇ ಕೊಟ್ಟು ತೆಗೆದುಕೊಳ್ಳಲು ಬಿಟ್ಟರೆ ನಾಯಿಯ ನೆತ್ತಿಯ ಮೇಲೇ ಜಗಳ ಶುರುವಾಗುತ್ತದೆ.